ಸ್ಟಾರ್ ಬಿಟ್ಟು ಬಿಲ್ ಎಣಿಸಿದೆ: ಹಳೇ ಕಾರು ವ್ಯಾಪಾರದಲ್ಲಿ ನನ್ನ ಅನುಭವ

ನಾಲ್ಕೂವರೆ ಸ್ಟಾರ್ ನೋಡಿ ಗಾಡಿ ಎತ್ತುವವರನ್ನು ನಾನು ಕೇಳುವುದು ಒಂದೇ: ಆ ಸ್ಟಾರ್ ಕೊಟ್ಟವನು ಕಾರು ತಗೊಂಡು ಎಷ್ಟು ದಿನವಾಗಿತ್ತು? ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ವ್ಯಾಪಾರ ಮಾಡುವ ನನಗೆ ಬೇಕಾದದ್ದು ಐದನೇ ವರ್ಷದಿಂದ ಮುಂದಿನ ಕಥೆ. ಅದಕ್ಕೆ ಯಾವ ಮಾಡೆಲ್ ಎಷ್ಟು ಕೆಡುತ್ತದೆ ಅಂತ ನಾನೇ ಲೆಕ್ಕ ಬರೆಯಲು ಕೂತಾಗ ಜೊತೆಯ ವ್ಯಾಪಾರಿಗಳು, "ನೀ ಏನ್ ಜನಗಣತಿ ಮಾಡಾಕ ಹೊಂಟೀಯೇನಲೇ" ಅಂತ ನಕ್ಕರು. ಈಗ ಗಾಡಿಗೆ ಅಡ್ವಾನ್ಸ್ ಕೊಡುವ ಮೊದಲು ಅವರದೇ ಫೋನ್ ಬರುತ್ತದೆ.

ದೊಡ್ಡವರ ಪಟ್ಟಿಗಳನ್ನು ನೋಡಿಲ್ಲ ಅಂತಲ್ಲ. ಅಮೆರಿಕದ ಸಮೀಕ್ಷೆ ಕಂಪನಿ ಜೆ.ಡಿ. ಪವರ್‌ನ ಇನಿಷಿಯಲ್ ಕ್ವಾಲಿಟಿ ಸ್ಟಡಿ ಮೊದಲ 90 ದಿನದ ದೂರುಗಳನ್ನು ನೂರು ಕಾರಿಗೆ ಎಷ್ಟು ಅಂತ ಎಣಿಸುತ್ತದೆ. ಗೇರ್‌ಬಾಕ್ಸ್ ಹೋದರೂ ಒಂದು ದೂರು, ಬ್ಲೂಟೂತ್ ಸೇರದಿದ್ದರೂ ಒಂದು ದೂರು. 2011ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಫೋರ್ಡ್ 5ನೇ ಸ್ಥಾನದಿಂದ 23ಕ್ಕೆ ಬಿತ್ತಲ್ಲ, ಅದರಲ್ಲಿ ಟಚ್ ಸ್ಕ್ರೀನಿನ ಕಿರಿಕಿರಿಗೇ ದೊಡ್ಡ ಪಾಲು. ಅಮೆರಿಕದ್ದೇ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್‌ನವರು ಜಾಹೀರಾತು ತಗೊಳ್ಳುವುದಿಲ್ಲ, ಪರೀಕ್ಷೆಯ ಕಾರನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ, ಮರ್ಯಾದಸ್ಥರು. ಆದರೆ ಉತ್ತರ ಬರೆಯುವವರು ಅಲ್ಲಿನ ಸದಸ್ಯರು, ಗಾಡಿಗಳೂ ಅಲ್ಲಿನವು. ನನಗೆ ಹಿಡಿಸಿದ್ದು ಗಾಡಿ ತಪಾಸಣೆಯ ಮೇಲೆ ನಿಂತ ಜರ್ಮನಿಯ ಟ್ಯೂಫ್ ವರದಿ ಮತ್ತು ಬ್ರಿಟನ್ನಿನ ಎಂಒಟಿ ದಾಖಲೆ. ಅಲ್ಲಿ ಮಾಲೀಕನ ಅಭಿಪ್ರಾಯ ಯಾರಿಗೂ ಬೇಕಿಲ್ಲ, ಕಾರು ತಪಾಸಣೆಯಲ್ಲಿ ಪಾಸೋ ಫೇಲೋ, ಅಷ್ಟೇ. ನಮ್ಮಲ್ಲೂ ಹಳದಿ ಬೋರ್ಡಿಗೆ ಫಿಟ್ನೆಸ್ ತಪಾಸಣೆ, ಅಂದರೆ ಎಫ್‌ಸಿ ಇದೆ. ಯಾವ ಮಾಡೆಲ್ ಎಷ್ಟು ಫೇಲಾಯಿತು ಅನ್ನುವ ಪಟ್ಟಿ ಮಾತ್ರ ನನ್ನ ಕೈಗೆ ಯಾರೂ ಕೊಟ್ಟಿಲ್ಲ.

ಮೊದಲ ಪ್ರಯತ್ನ ಮಾಲೀಕರಿಗೆ ಕಳಿಸಿದ ವಾಟ್ಸ್ಆಪ್ ಫಾರ್ಮ್. ಒಬ್ಬ ಹುಡುಗನನ್ನು ಇಟ್ಟು ಸುಮಾರು ನಲವತ್ತು ಸಾವಿರ ಸುರಿದೆ. ಬಂದ ಉತ್ತರ ಎಲ್ಲ ನಾಲ್ಕು, ಐದು. ಇರಲೇಬೇಕಲ್ಲ! ನಾಳೆ ಅದೇ ಗಾಡಿಯನ್ನು ನನಗೇ ಮಾರಬೇಕಾದವನು ಅದು ಹಾಳು ಅಂತ ನನ್ನ ಫಾರ್ಮಿನಲ್ಲೇ ಬರೆಯುತ್ತಾನೆಯೇ? ಶೋರೂಮಿನದೂ ಇದೇ ಹಣೆಬರಹ. "ಸರ್, ಫೀಡ್‌ಬ್ಯಾಕ್ ಕಾಲ್ ಬಂದ್ರೆ ಹತ್ತಕ್ಕೆ ಹತ್ತು ಕೊಡಿ, ಒಂಬತ್ತು ಕೊಟ್ರೂ ನನ್ನ ಇನ್ಸೆಂಟಿವ್ ಹೋಗುತ್ತೆ" ಅನ್ನುವ ಹುಡುಗರ ಮುಖ ನೋಡಿ ನಾವೆಲ್ಲ ಹತ್ತು ಒತ್ತಿದವರೇ.

ಆಮೇಲೆ ಗ್ಯಾರೇಜಿನವರನ್ನು ಹಿಡಿದೆ. ಯಾವ ಗಾಡಿ ಹೆಚ್ಚು ಬರುತ್ತೆ ಅಂದರೆ ಎಲ್ಲರೂ ಮಾರುತಿ ಅಂದರು. ಊರ ತುಂಬ ಓಡುವುದೇ ಅದು, ಬರದೆ ಇರುತ್ತದೆಯೇ. ಮೇಲಾಗಿ ವಾರಂಟಿ ಇರುವ ಗಾಡಿ ಹೊರಗಿನ ಗ್ಯಾರೇಜಿಗೆ ಬರುವುದೇ ಇಲ್ಲ.

ಕೊನೆಗೆ ಕೈಹಿಡಿದದ್ದು ಬಿಲ್. ಗಾಡಿ ಹೇಗಿದೆ ಅಂತ ಕೇಳುವುದನ್ನೇ ಬಿಟ್ಟೆ, ಬಿಲ್ ತೋರಿಸಿ ಅಂದೆ. ಬ್ರೇಕ್ ಪ್ಯಾಡ್, ಟೈರ್, ವೈಪರ್‌ನಂಥ ತೇಯುವ ಸಾಮಾನು ಲೆಕ್ಕಕ್ಕಿಲ್ಲ. ಸ್ಟೀರಿಂಗ್ ರ‍್ಯಾಕ್, ಇಂಜೆಕ್ಟರ್, ಎಸಿ ಕಂಪ್ರೆಸರ್ ಇದ್ದರೆ ಬರೆದುಕೊಳ್ಳುತ್ತೇನೆ. ದಾರಿಯಲ್ಲಿ ನಿಂತಿದ್ದರೆ ಅದಕ್ಕೆ ಮೂರು ಪಟ್ಟು. ವರ್ಷಕ್ಕೆ ಭಾಗಿಸುವುದಿಲ್ಲ, ಹತ್ತು ಸಾವಿರ ಕಿಲೋಮೀಟರಿಗೆ ಭಾಗಿಸುತ್ತೇನೆ. ಮೀಟರ್ ತಿರುಗಿಸಿದ್ದರೂ ಹಳೇ ಸರ್ವಿಸ್ ಜಾಬ್ ಕಾರ್ಡಿನ ಅಂಕಿ ಬಾಯಿಬಿಡುತ್ತದೆ. ಹಳದಿ ಬೋರ್ಡಿನದು ಬೇರೆ ಕಾಲಂ. ಹೈವೇಯಲ್ಲೇ ಓಡಿದ ಟ್ಯಾಕ್ಸಿಯ ಕ್ಲಚ್ ಲಕ್ಷ ದಾಟಿದರೂ ಹೊಸದರಂತೆ ಇರುತ್ತದೆ, ಅದೇ ಬಿಎಸ್ 6 ಡೀಸೆಲ್ ಗಾಡಿ ಮಕ್ಕಳನ್ನು ಸ್ಕೂಲಿಗೆ ಬಿಡಲಷ್ಟೇ ಓಡಿದ್ದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಡಿಪಿಎಫ್ ಕಟ್ಟಿ ಕೂತಿರುತ್ತದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಸಿಗುವುದು ಎಲ್ಲೂ ಇಲ್ಲದ ಒಂದು ಕಾರು. ಒಂದು ಮಾಡೆಲ್‌ಗೆ ಹದಿನೈದು ಗಾಡಿಯಾದರೂ ಆಗುವವರೆಗೆ ನಾನು ಬಾಯಿ ಬಿಡುವುದಿಲ್ಲ. ಬಿಲ್ ಕೊಡಲೊಲ್ಲದವರಿಂದ ಹೇಗೆ ತೆಗೆಸುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ನಡುವೆ ಒಂದು ತಮಾಷೆ ಮಾಡಿದೆ. ಮಾರುತಿಯ ಬಲೆನೊ ಕಾರನ್ನೇ ಟೊಯೋಟ 2019ರಿಂದ ಗ್ಲಾಂಜಾ ಅಂತ ಮಾರಿತಲ್ಲ, ಎರಡೂ ಕಡೆಯ ಮಾಲೀಕರನ್ನು ಬಾಯಿಮಾತಲ್ಲಿ ಕೇಳಿದೆ. ಗ್ಲಾಂಜಾದವರ ಹೊಗಳಿಕೆ ಒಂದು ಕೈ ಮೇಲು. ಬಿಲ್ ಹರಡಿದರೆ ಹೆಚ್ಚುಕಡಿಮೆ ಒಂದೇ. ಆಗ ಗ್ಲಾಂಜಾಗೆ 3 ವರ್ಷ ವಾರಂಟಿ, ಬಲೆನೊಗೆ 2. ಜೇಬಿನಿಂದ ದುಡ್ಡು ತಡವಾಗಿ ಹೋದವನಿಗೆ ಗಾಡಿಯ ಮೇಲೆ ಪ್ರೀತಿ ಜಾಸ್ತಿ.

ಬಿಲ್ಲಿಗೂ ಕುರುಡು ಜಾಗ ಇದೆ. 2020ರ ಜುಲೈನಲ್ಲಿ ಮಾರುತಿ ಫ್ಯೂಯಲ್ ಪಂಪ್ ಸಲುವಾಗಿ 1,34,885 ವ್ಯಾಗನ್ ಆರ್ ಮತ್ತು ಬಲೆನೊಗಳನ್ನು ವಾಪಸ್ ಕರೆಯಿತು. ಪುಕ್ಕಟೆ ಬದಲಿಸಿದ್ದಕ್ಕೆ ಮಾಲೀಕನ ಫೈಲಿನಲ್ಲಿ ಬಿಲ್ ಎಲ್ಲಿಂದ ಬರಬೇಕು? ಹಾಗಾಗಿ ಚಾಸಿ ನಂಬರ್ ಹಾಕಿ ರೀಕಾಲ್ ನೋಡುವುದನ್ನೂ ಸೇರಿಸಿಕೊಂಡೆ.

ದುಡ್ಡಿನ ಮಾತು. ಮೊದಲು ಮಾರಿದ ಮೇಲೆ ಬರುವ ತಕರಾರಿಗೆ ಗಾಡಿಗೆ ಹನ್ನೆರಡು ಹದಿಮೂರು ಸಾವಿರ ಕೈಯಿಂದ ಬೀಳುತ್ತಿತ್ತು, ಈಗ ಐದರ ಒಳಗೆ. ಸ್ಟಾರ್ ಕಮ್ಮಿ ಅಂತ ಎಲ್ಲರೂ ಬಿಟ್ಟ ಒಂದು ಪೆಟ್ರೋಲ್ ಸೆಡಾನನ್ನು ನನ್ನ ಪುಸ್ತಕ ನಂಬಿ ಮೂರು ಲಕ್ಷದ ಆಸುಪಾಸಿಗೆ ಒಂದಾದ ಮೇಲೊಂದು ಎತ್ತಿದೆ. ಪ್ರತಿಯೊಂದರಲ್ಲೂ ಅರವತ್ತು ಎಪ್ಪತ್ತು ಸಾವಿರ ಉಳಿಯಿತು, ಒಂದೂ ತಿರುಗಿ ಬಂದಿಲ್ಲ. ಮಾಡೆಲ್ ಯಾವುದು ಅಂತ ಕೇಳಬೇಡಿ, ಇನ್ನೂ ಎತ್ತುತ್ತಿದ್ದೇನೆ.

ಎಲೆಕ್ಟ್ರಿಕ್ ಗಾಡಿಗೆ ಈ ಲೆಕ್ಕ ಕೂರುತ್ತಿಲ್ಲ. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ ಎಂಟು ವರ್ಷ ಇರುವುದರಿಂದ ಬಿಲ್ಲೇ ಹುಟ್ಟುವುದಿಲ್ಲ. ಸದ್ಯಕ್ಕೆ ಫುಲ್ ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡಿತು, ಸರ್ವಿಸ್‌ನಲ್ಲಿ ಎಷ್ಟು ದಿನ ನಿಂತಿತ್ತು ಅನ್ನುವುದನ್ನಷ್ಟೇ ಬರೆದಿಡುತ್ತಿದ್ದೇನೆ. ಯಾವ ಮಾಡೆಲ್ಲೂ ಇನ್ನೂ ಹದಿನೈದು ಮುಟ್ಟಿಲ್ಲ.