ಎರಡೂವರೆ ಟನ್ ದೋಣಿ ಎಳೆಯುವ ಮುನ್ನ ಒಮ್ಮೆ ತೂಗಿ

ಆಸ್ಟ್ರೇಲಿಯಾದ ಕ್ಯಾನ್‌ಬೆರಾದವರಿಗೆ ಸಮುದ್ರ ಅಂದರೆ ಬೇಟ್‌ಮನ್ಸ್ ಬೇ. ಸುಮಾರು 150 ಕಿ.ಮೀ. ದಾರಿ. ನಡುವೆ ಕ್ಲೈಡ್ ಮೌಂಟನ್ ಎಂಬ ಘಾಟಿ ಇಳಿಯಬೇಕು. ಆಗುಂಬೆ ಇಳಿದವರಿಗೆ ಅದರ ತಿರುವುಗಳು ಹೊಸದೇನಲ್ಲ. ಆದರೆ ಆಗುಂಬೆಯನ್ನು ನಾವ್ಯಾರೂ ಬೆನ್ನ ಹಿಂದೆ ದೋಣಿ ಕಟ್ಟಿಕೊಂಡು ಇಳಿದಿಲ್ಲ, ಅಲ್ವಾ?

ಇಲ್ಲಿನ ನನ್ನ ಗೆಳೆಯನೊಬ್ಬ ಆರೂವರೆ ಮೀಟರಿನ ಅಲ್ಯೂಮಿನಿಯಂ ದೋಣಿ ಕೊಂಡ. "ದೋಣಿ 1,300 ಕೆ.ಜಿ., ನನ್ನ ಯೂಟ್ 3,500 ಎಳೆಯುತ್ತೆ. ಇನ್ನೇನು ಲೆಕ್ಕ?" ಎಂದ. ಯೂಟ್ ಅಂದರೆ ನಮ್ಮ ಪಿಕಪ್. ಅವನ ಎರಡೂ ಸಂಖ್ಯೆ ಸುಳ್ಳಲ್ಲ. ಆದರೆ ಎರಡನ್ನೂ ಹಾಗೇ ನಂಬುವಂತಿಲ್ಲ.

ದೋಣಿಯ ತೂಕ ಕೂಡಿಸಿ

ಕರಪತ್ರದಲ್ಲಿ ಇರುವುದು ಹೆಚ್ಚಾಗಿ ಬರೀ ಒಡಲಿನ ತೂಕ. 200 ಎಚ್‌ಪಿ ಮೋಟರಿಗೆ 230 ಕೆ.ಜಿ. ಸೇರಿಸಿ. ದೋಣಿ ಹೊರುವ ಗಾಲಿಬಂಡಿ, ಅಂದರೆ ಟ್ರೇಲರ್, 600. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆ.ಜಿ. ತೂಗುತ್ತದೆ, 200 ಲೀಟರ್ ಟ್ಯಾಂಕ್ ತುಂಬಿಸಿದರೆ 150. ಬ್ಯಾಟರಿ, ಲಂಗರು, ಸರಪಳಿ, ಲೈಫ್ ಜಾಕೆಟ್ ಎಲ್ಲ ಸೇರಿ 120. ಐಸ್ ಪೆಟ್ಟಿಗೆ, ಗಾಳ, ಕುಡಿಯುವ ನೀರು ಎಂದು ಇನ್ನೊಂದು 100. ಒಟ್ಟು 2,500 ಕೆ.ಜಿ.! ಅವನ ಟ್ರೇಲರಿನ ಫಲಕದ ಮೇಲೆ ಎಟಿಎಂ 2,400 ಎಂದಿತ್ತು. ಅಂದರೆ ಮನೆಯ ಗೇಟು ದಾಟುವ ಮೊದಲೇ ನೂರು ಕೆ.ಜಿ. ಜಾಸ್ತಿ.

ಈ ಎಟಿಎಂ ದುಡ್ಡು ಕೊಡುವುದಲ್ಲ. ಟ್ರೇಲರ್ ತನ್ನ ಮೇಲಿನ ಹೇರು ಸಮೇತ ಎಷ್ಟು ತೂಗಬಹುದು ಎಂಬ ಮಿತಿ. ಕಾರಿಗೆ ಕಟ್ಟಿದ ಮೇಲೆ ಟ್ರೇಲರಿನ ಚಕ್ರಗಳ ಮೇಲೆ ಎಷ್ಟು ಬೀಳಬಹುದು ಎಂಬುದು ಜಿಟಿಎಂ. ಕಾರಿಗೆ ಜಿವಿಎಂ, ಅಂದರೆ ಜನ, ಸಾಮಾನು, ಟ್ರೇಲರ್ ಒತ್ತುವ ಭಾರ ಸೇರಿ ಕಾರು ಹೊರಬಹುದಾದ ಒಟ್ಟು ತೂಕ. ಕಾರು, ಟ್ರೇಲರ್ ಎರಡೂ ಸೇರಿದ ಮಿತಿ ಜಿಸಿಎಂ. ನಾಲ್ಕೂ ಬೇರೆ ಬೇರೆ. ಒಂದನ್ನು ಮೀರಿದರೂ ತಪ್ಪೇ.

ಜಾಹೀರಾತಿನ 3,500 ಎಡವುವುದು ಜಿಸಿಎಂ ಹತ್ತಿರ. ಒಂದು ಯೂಟ್‌ನ ಜಿಸಿಎಂ 5,850 ಎಂದುಕೊಳ್ಳಿ. ಅದರಲ್ಲಿ 3,500 ಕಳೆದರೆ ಯೂಟ್‌ಗೆ ಉಳಿಯುವುದು 2,350. ಖಾಲಿ ಯೂಟೇ 2,100 ತೂಗುತ್ತದೆ. ಇನ್ನುಳಿದ 250 ಕೆ.ಜಿ.ಯಲ್ಲಿ ಗಂಡ, ಹೆಂಡತಿ, ಬೆಳೆದ ಇಬ್ಬರು ಮಕ್ಕಳು, ಬುಲ್ ಬಾರ್ ಎಂಬ ಮುಂಭಾಗದ ಕಂಬಿ, ಫ್ರಿಜ್, ಚಿತ್ರಾನ್ನದ ಡಬ್ಬಿ ಎಲ್ಲ ಹಿಡಿಯಬೇಕು. ಹಿಡಿಯುವುದಿಲ್ಲ. ಇದರ ಜೊತೆಗೆ ಟೋ ಬಾರ್, ಅಂದರೆ ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಕಂಬಿ, ಅದರ ಗುಂಡು, ಕೊಂಡಿ, ಒಂದೊಂದಕ್ಕೂ ಒಂದು ಮಿತಿ ಇರುತ್ತದೆ. ಎಲ್ಲಕ್ಕಿಂತ ಕಡಿಮೆ ಯಾವುದೋ ಅದೇ ನಿಮ್ಮ ಮಿತಿ.

ವೇ ಬ್ರಿಡ್ಜ್ ಹತ್ತಿಸಿ

ಕಾಗದದ ಲೆಕ್ಕ ಅಂದಾಜು ಅಷ್ಟೇ. ಪ್ರವಾಸಕ್ಕೆ ಹೊರಡುವಂತೆಯೇ ಎಲ್ಲ ತುಂಬಿಕೊಂಡು, ಜನರನ್ನೂ ಕೂರಿಸಿಕೊಂಡು ಹೋಗಿ. ಮೊದಲು ಎರಡನ್ನೂ ಒಟ್ಟಿಗೆ ತೂಗಿ. ಆಮೇಲೆ ಟ್ರೇಲರ್ ಕಟ್ಟಿದಂತೆಯೇ ಇರಲಿ, ಕಾರಿನ ಚಕ್ರ ಮಾತ್ರ ತಕ್ಕಡಿಯ ಮೇಲೆ. ನಂತರ ಟ್ರೇಲರಿನ ಚಕ್ರ ಮಾತ್ರ. ಕೊನೆಗೆ ಟ್ರೇಲರ್ ಬಿಚ್ಚಿ, ಅದರ ಮುಂದಿನ ಪುಟ್ಟ ಗಾಲಿಯೂ ಸೇರಿ ಅದೊಂದನ್ನೇ. ಬಿಚ್ಚಿದಾಗ 2,400 ಬಂದು, ಕಟ್ಟಿದಾಗ ಟ್ರೇಲರ್ ಚಕ್ರಗಳ ಮೇಲೆ 2,210 ಬಂತು ಅನ್ನಿ. ವ್ಯತ್ಯಾಸ 190 ಕೆ.ಜಿ. ಅದು ಕಾರಿನ ಕೊಂಡಿಯ ಮೇಲೆ ಕೂತಿರುವ ಭಾರ.

ಈ 190 ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಎತ್ತಿನ ಗಾಡಿಗೆ ಹೇರು ಹಾಕುವುದನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ನೊಗ ಹೆಗಲನ್ನು ಅದುಮುತ್ತದೆ. ಗಾಡಿ ಹೊಡೆಯುವವನು ತಾನೇ ಒಂದು ಗೇಣು ಹಿಂದೆ ಮುಂದೆ ಸರಿದು ಸರಿಮಾಡುತ್ತಾನೆ. ಕಾರಿನಲ್ಲೂ ಹಾಗೇ. ಮುಂಭಾರ ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ. ಸ್ಟೇರಿಂಗ್, ಬ್ರೇಕ್ ಎರಡೂ ಸಡಿಲ. ಹಿಂಭಾರವಾದರೆ ಇನ್ನೂ ಅಪಾಯ, ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ದೋಣಿಯ ಮೋಟರ್ ತುತ್ತತುದಿಯಲ್ಲಿ ಇರುವುದರಿಂದ ಹಿಂಭಾರದ ಭಯವೇ ಜಾಸ್ತಿ. ಸಾಮಾನ್ಯವಾಗಿ ಒಟ್ಟು ತೂಕದ 5ರಿಂದ 10 ಶೇಕಡಾ ಕೊಂಡಿಯ ಮೇಲಿರಬೇಕು ಎನ್ನುತ್ತಾರೆ. ಟ್ರೇಲರ್ ಮಾಡಿದವರು ಹೇಳಿದ್ದೇ ಅಂತಿಮ. ಕಡಿಮೆ ಬಂದರೆ ದೋಣಿಯನ್ನು ಟ್ರೇಲರಿಗೆ ಎಳೆದುಕೊಳ್ಳುವ ರಾಟೆಯ (ವಿಂಚ್) ಕಂಬ ಸರಿಸಿ ದೋಣಿಯನ್ನು ಸ್ವಲ್ಪ ಮುಂದೆ ತನ್ನಿ, ಐಸ್ ಪೆಟ್ಟಿಗೆಯನ್ನು ಹಿಂದಿನಿಂದ ತೆಗೆಯಿರಿ.

ಗೆಳೆಯನ ಆ ನೂರು ಕೆ.ಜಿ.ಗೆ ಉಪಾಯ ಸುಲಭವಾಗಿತ್ತು. ಟ್ಯಾಂಕನ್ನು ಹೆಚ್ಚುಕಡಿಮೆ ಖಾಲಿ ಒಯ್ದು ಬೇಟ್‌ಮನ್ಸ್ ಬೇ‌ಯಲ್ಲೇ ತುಂಬಿಸಿಕೊಂಡ.

ಬ್ರೇಕ್, ಸರಪಳಿ, ಪಟ್ಟಿ

ಆಸ್ಟ್ರೇಲಿಯಾದಲ್ಲಿ ಜಿಟಿಎಂ 750 ಕೆ.ಜಿ. ಮೀರಿದರೆ ಟ್ರೇಲರಿಗೆ ಬ್ರೇಕ್ ಬೇಕು. 2,000 ಮೀರಿದರೆ ಎಲ್ಲ ಚಕ್ರಗಳಿಗೂ ಬ್ರೇಕ್, ಅದನ್ನು ಕಾರಿನೊಳಗಿಂದ ಹಾಕುವಂತಿರಬೇಕು. ಜೊತೆಗೆ ಕೊಂಡಿ ಕಳಚಿದರೆ ತಾನೇ ಬ್ರೇಕ್ ಹಿಡಿದು 15 ನಿಮಿಷ ಬಿಡದ ಸಾಧನವೂ ಬೇಕು. ಎಟಿಎಂ 2,500 ದಾಟಿದರೆ ಕಾರಿಗೂ ಟ್ರೇಲರಿಗೂ ನಡುವೆ ಎರಡು ಸರಪಳಿ. ಅವನ್ನು ಕೊಂಡಿಯ ಕೆಳಗೆ ಅಡ್ಡಡ್ಡ ಹಾಯಿಸಿ. ಕೊಂಡಿ ಬಿಟ್ಟರೆ ಟ್ರೇಲರಿನ ಮೂತಿ ರಸ್ತೆಗೆ ಬಡಿಯದೆ ಅವುಗಳ ಮೇಲೆ ಕೂರುತ್ತದೆ. ವಿಂಚಿನ ಪಟ್ಟಿಯೊಂದನ್ನೇ ನೆಚ್ಚಬೇಡಿ. ದೋಣಿಯ ಮೂತಿಗೆ ಬೇರೆ ಸರಪಳಿ, ಹಿಂದೆ ಎರಡು ಬಿಗಿ ಪಟ್ಟಿ ಹಾಕಿ. ದೋಣಿಯ ತಳದ ಬಿರಡೆ ತೆಗೆದಿರಲಿ. ದಾರಿಯಲ್ಲಿ ಮಳೆ ಬಂದು ನೀರು ನಿಂತರೆ ಅದೂ ಲೀಟರಿಗೆ ಒಂದು ಕೆ.ಜಿ. ತಾನೇ?

ದಾರಿಯಲ್ಲಿ

ನಡುವೆ ಸಿಗುವ ಬ್ರೇಡ್‌ವುಡ್ ಊರಿನಲ್ಲಿ ಎಲ್ಲರೂ ಕಾಫಿಗೆ ನಿಲ್ಲಿಸುತ್ತಾರೆ. ನೀವು ಮೊದಲು ಟ್ರೇಲರಿನ ಚಕ್ರದ ಗುಂಬದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಉಳಿದವುಗಳಿಗಿಂತ ಸುಡುತ್ತಿದ್ದರೆ ಬೇರಿಂಗ್ ಕೆಟ್ಟಿದೆ ಅಥವಾ ಬ್ರೇಕ್ ಸಿಕ್ಕಿಕೊಂಡಿದೆ. ಪಟ್ಟಿಗಳನ್ನೂ ಒಮ್ಮೆ ಎಳೆದು ನೋಡಿ.

ಘಾಟಿ ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಇಳಿಯುತ್ತ ಬ್ರೇಕ್ ಒತ್ತಿಕೊಂಡೇ ಇದ್ದರೆ ಅದು ಕಾದು, ಬೇಕಾದಾಗ ಕೈಕೊಡುತ್ತದೆ. ತಿರುವೊಂದರಲ್ಲಿ ಜನ ಗೊಂಬೆ ಕರಡಿಗಳನ್ನು ಇಟ್ಟುಹೋಗುವ ಪುಟ್ಟ ಗವಿ ಇದೆ. ಹಿಂದಿನ ಸೀಟಿನ ಮಕ್ಕಳು ನೋಡಲಿ, ನೀವು ರಸ್ತೆ ನೋಡಿ. ಟ್ರೇಲರ್ ಓಲಾಡಲು ಶುರುವಾದರೆ ಕಾರಿನ ಬ್ರೇಕ್ ಜೋರಾಗಿ ಒತ್ತಬೇಡಿ, ಸ್ಟೇರಿಂಗನ್ನು ಅತ್ತಿತ್ತ ತಿರುಗಿಸಬೇಡಿ. ನೆಟ್ಟಗೆ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಟ್ರೇಲರ್ ಬ್ರೇಕಿನ ಬಟನ್ ಕೈಗೆಟುಕುವಂತಿದ್ದರೆ ಅದನ್ನು ಮೆಲ್ಲಗೆ ಒತ್ತಿ.

ದಡ ಮುಟ್ಟಿದ ತಕ್ಷಣ ನೀರಿಗೆ ಇಳಿಸುವ ಆತುರ ಬೇಡ. ಘಾಟಿ ಇಳಿದ ಚಕ್ರದ ಗುಂಬಗಳು ಬಿಸಿಯಾಗಿರುತ್ತವೆ. ತಣ್ಣೀರಿಗೆ ಮುಳುಗಿಸಿದರೆ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಬೇರಿಂಗಿನೊಳಕ್ಕೆ ಎಳೆದುಕೊಳ್ಳುತ್ತದೆ. ಹತ್ತಿಪ್ಪತ್ತು ನಿಮಿಷ ಸುಮ್ನೆ ನಿಲ್ಲಿಸಿ, ಆ ಹೊತ್ತಿಗೆ ಪಟ್ಟಿ ಬಿಚ್ಚಿ, ಲೈಫ್ ಜಾಕೆಟ್ ಹಂಚಿ. ಮತ್ತೆ ಆ ಬಿರಡೆ ಹಾಕುವುದನ್ನು ಮರೆಯಬೇಡಿ. ನನ್ನ ಗೆಳೆಯ ಮೊದಲ ದಿನವೇ ಮರೆತಿದ್ದ.