ಮನಸ್ಸು ಒಪ್ಪದವರನ್ನು ಪ್ರೀತಿಸುವುದು ಹೇಗೆ: ಕ್ರೈಸ್ತ ವಿಶ್ವಾಸಿಗಳಿಗೆ ಕೆಲವು ಮಾರ್ಗಗಳು

ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿ, ನ್ಯಾಯತೀರ್ಪು ಮತ್ತು ಹಬ್ಬಗಳ ವಿಧಿಗಳ ನಡುವೆ, ಸುಲಭವಾಗಿ ಕಣ್ತಪ್ಪಿ ಹೋಗುವ ಎರಡು ವಚನಗಳಿವೆ. ನಿನ್ನ ವೈರಿಯ ಎತ್ತಾಗಲಿ ಕತ್ತೆಯಾಗಲಿ ತಪ್ಪಿಸಿಕೊಂಡು ಅಲೆಯುತ್ತಿದ್ದರೆ ಅದನ್ನು ಹಿಡಿದು ಅವನಿಗೆ ತಲುಪಿಸಬೇಕು. ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಭಾರಕ್ಕೆ ಕುಸಿದು ಬಿದ್ದಿದ್ದರೆ, ನೋಡಿಯೂ ನೋಡದವನಂತೆ ಹೋಗದೆ, ಅವನೊಂದಿಗೆ ಕೈಗೂಡಿಸಿ ಎಬ್ಬಿಸಬೇಕು. ಕೋಪ ಮೊದಲು ಇಳಿಯಲಿ, ಆಮೇಲೆ ಎತ್ತನ್ನು ಹಿಡಿದರಾಯಿತು ಎಂದು ಅಲ್ಲಿ ಹೇಳಿಲ್ಲ. ಬೆಟ್ಟದ ಪ್ರಸಂಗದಲ್ಲಿ ವೈರಿಗಳನ್ನು ಪ್ರೀತಿಸಿರಿ ಎಂದು ಆಜ್ಞಾಪಿಸಿದ ಯೇಸು ಸ್ವಾಮಿ, ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸೂರ್ಯನನ್ನು ಮೂಡಿಸುವ ತಂದೆಯ ಕಡೆಗೆ ನಮ್ಮ ಕಣ್ಣು ತಿರುಗಿಸಿದರು. ತಾನಾಗಿ ಹುಟ್ಟುವ ಒಲವನ್ನು ಯಾರೂ ಆಜ್ಞೆ ಮಾಡಿ ತರಿಸಲಾರರು. ಆಜ್ಞೆಗೆ ಒಳಪಡುವುದು ನಮ್ಮ ಸಂಕಲ್ಪ. 13ನೆಯ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್, ಅರಿಸ್ಟಾಟಲನನ್ನು ಅನುಸರಿಸಿ, ಪ್ರೀತಿಸುವುದೆಂದರೆ ಇನ್ನೊಬ್ಬರ ಹಿತವನ್ನು ಬಯಸುವುದು ಎಂದು ಹೇಳಿದ್ದು ಇದೇ ಅರ್ಥದಲ್ಲಿ. ಆ ಹಿತವನ್ನು ಬಯಸಲು ಎಲ್ಲಿಂದ ತೊಡಗಬೇಕು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲಿಗೆ ಒಬ್ಬರನ್ನು, ಒಬ್ಬರನ್ನು ಮಾತ್ರ, ಆರಿಸಿಕೊಳ್ಳಿ. ಲೋಕದ ಎಲ್ಲರನ್ನೂ ಪ್ರೀತಿಸುತ್ತೇನೆ ಎನ್ನುವುದು ಕಷ್ಟವಲ್ಲ, ಏಕೆಂದರೆ ಲೋಕದ ಎಲ್ಲರೂ ನಮ್ಮ ಮನೆಯ ಜಗಲಿಗೆ ಬಂದು ಕೂರುವುದಿಲ್ಲ. ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನು ಎಂದು ಯೋಹಾನನ ಮೊದಲನೆಯ ಪತ್ರಿಕೆ ಹೇಳುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವವರೇ ಇರಲಿ. ಆಸ್ತಿ ಪಾಲಿನ ನಂತರ ಮಾತು ಬಿಟ್ಟ ಅಣ್ಣನಿರಬಹುದು, ಹೊಂದಿಕೆಯಾಗದ ಅತ್ತೆಯೋ ಸೊಸೆಯೋ ಇರಬಹುದು, ಸಭೆಯ ಸಮಿತಿಯಲ್ಲಿ ನಿಮ್ಮ ಮಾತನ್ನು ಪ್ರತಿಬಾರಿಯೂ ತಳ್ಳಿಹಾಕುವವರಿರಬಹುದು. ಬದುಕಿನ ಅತಿ ದೊಡ್ಡ ಗಾಯವನ್ನು ಮಾಡಿದವರಿಂದ ಆರಂಭಿಸಬೇಡಿ. ಆ ಗಾಯಕ್ಕೆ ಬೇರೆಯೇ ಆರೈಕೆ ಬೇಕು, ಮತ್ತು ಅನೇಕ ಬಾರಿ ಆಪ್ತಸಲಹೆಗಾರರ ನೆರವೂ ಬೇಕಾಗುತ್ತದೆ.

ಆನಂತರ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೆಯ ಅಧ್ಯಾಯವನ್ನು ತೆರೆಯಿರಿ. ಮದುವೆಗಳಲ್ಲಿ ಕೇಳಿ ಕೇಳಿ ನಮಗೆ ಅದು ಮಂಗಳಗೀತೆಯಂತೆ ಕಿವಿಗೆ ಬೀಳುತ್ತದೆ, ಆದರೆ ಅದು ಜಗಳವಾಡುತ್ತಿದ್ದ ಸಭೆಗೆ ಬರೆದ ಮಾತು. ಅಲ್ಲಿ ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು ಎಂದು ಪಂಗಡಗಳಾಗಿದ್ದವು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುತ್ತಿದ್ದರು. ಕರ್ತನ ಭೋಜನಕ್ಕೆ ಕೂಡಿಬಂದಾಗ ಕೆಲವರು ಹಸಿದಿರುತ್ತಿದ್ದರು, ಕೆಲವರು ಕುಡಿದು ಮತ್ತರಾಗಿರುತ್ತಿದ್ದರು. ಪ್ರೀತಿ ತಾಳಿಕೊಳ್ಳುತ್ತದೆ, ದಯೆ ತೋರಿಸುತ್ತದೆ, ಹೊಟ್ಟೆಕಿಚ್ಚುಪಡುವುದಿಲ್ಲ, ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಪೌಲನು ಹೇಳಿದ್ದು ಇಂಥವರಿಗೆ. ಪಟ್ಟಿಯುದ್ದಕ್ಕೂ ಇರುವುದು ಮಾಡುವ ಕೆಲಸ ಅಥವಾ ಮಾಡದೆ ಬಿಡುವ ಕೆಲಸ. ಅದರಲ್ಲಿ ಒಂದನ್ನು ಮಾತ್ರ ಒಂದು ವಾರಕ್ಕೆ ತೆಗೆದುಕೊಂಡು, ನೀವು ಆರಿಸಿಕೊಂಡ ವ್ಯಕ್ತಿಯ ವಿಷಯದಲ್ಲಿ ಅದು ಯಾವ ಕೆಲಸವಾಗುತ್ತದೆ ಎಂದು ಒಂದೇ ವಾಕ್ಯದಲ್ಲಿ ಬರೆದಿಡಿ. ತಾಳ್ಮೆ ಎಂದರೆ, ಅತ್ತೆಯವರು ಅದೇ ಮಾತನ್ನು ಮತ್ತೆ ಹೇಳುವಾಗ ನಡುವೆ ಬಾಯಿ ಹಾಕದಿರುವುದು. ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದಿರುವುದು ಎಂದರೆ, ಅಣ್ಣ ಆಡಿದ ಹಳೆಯ ಮಾತನ್ನು ಈ ವಾರ ಹೆಂಡತಿಯ ಮುಂದೆಯೂ ಎತ್ತದಿರುವುದು. ದಯೆ ತೋರಿಸುತ್ತೇನೆ ಎಂದಷ್ಟೇ ಬರೆದರೆ ವಾರದ ಕೊನೆಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಬುಧವಾರ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಬರೆದರೆ ಅದು ಬುಧವಾರದ ಹೊತ್ತಿಗೆ ಆಗಿರುತ್ತದೆ, ಇಲ್ಲವೇ ಆಗಿರುವುದಿಲ್ಲ.

ಪ್ರತಿದಿನವೂ ಆ ವ್ಯಕ್ತಿಯ ಹೆಸರು ಹೇಳಿ ಪ್ರಾರ್ಥಿಸಿ. ಆದರೆ ಅವರ ಸ್ವಭಾವವನ್ನು ಬದಲಿಸು ಕರ್ತನೇ ಎಂಬ ಬೇಡಿಕೆಯನ್ನು ಸದ್ಯಕ್ಕೆ ಬದಿಗಿಡಿ, ಏಕೆಂದರೆ ಅದು ಬಹುಮಟ್ಟಿಗೆ ನಮ್ಮ ಅನುಕೂಲದ ಪ್ರಾರ್ಥನೆ. ಅವರ ಮಂಡಿನೋವಿಗಾಗಿ, ಅವರ ಮಗಳ ಪರೀಕ್ಷೆಗಾಗಿ, ತೀರದ ಸಾಲಕ್ಕಾಗಿ ಬೇಡಿ. ಹೀಗೆ ಬೇಡಲು ಹೊರಟಾಗ ಅವರ ಕಷ್ಟಗಳು ನಮಗೆ ಗೊತ್ತೇ ಇಲ್ಲವೆಂಬುದು ತಿಳಿಯುತ್ತದೆ, ಮತ್ತು ಅವುಗಳನ್ನು ವಿಚಾರಿಸಿ ತಿಳಿದುಕೊಳ್ಳುವುದೇ ಮುಂದಿನ ಹೆಜ್ಜೆಯಾಗುತ್ತದೆ.

ಒಳಗೆ ಒಲವಿಲ್ಲದೆ ಹೊರಗೆ ಹೀಗೆ ನಡೆದುಕೊಳ್ಳುವುದು ಕಪಟವಲ್ಲವೇ ಎಂದು ಪ್ರಾಮಾಣಿಕರಾದ ಅನೇಕರು ಕೇಳುತ್ತಾರೆ. ಈ ಪ್ರಶ್ನೆಯನ್ನು ಹಗುರವಾಗಿ ನೋಡಬಾರದು, ಏಕೆಂದರೆ ಪ್ರೀತಿ ನಿಷ್ಕಪಟವಾಗಿರಲಿ ಎಂದು ರೋಮಾಪುರದವರಿಗೆ ಬರೆದವನೂ ಪೌಲನೇ. ಫ್ರಾನ್ಸಿನ ಲಿಸಿಯೂ ಪಟ್ಟಣದ ಕಾರ್ಮೆಲ್ ಮಠದಲ್ಲಿ 1897ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ ತೀರಿಕೊಂಡ ಸಂತ ತೆರೇಸಾ, ಮಠದ ಒಬ್ಬ ಸೋದರಿಯ ನಡೆನುಡಿಯೆಲ್ಲವೂ ತನಗೆ ಸಹಿಸಲಾಗದಂತಿತ್ತು ಎಂದು ಬರೆದಿಟ್ಟಿದ್ದಾರೆ. ಅವರು ಆ ಸೋದರಿಗಾಗಿ ಪ್ರಾರ್ಥಿಸಿದರು, ತಮಗೆ ಅತ್ಯಂತ ಪ್ರಿಯರಾದವರಿಗೆ ಮಾಡುವ ಸಹಾಯವನ್ನೇ ಅವರಿಗೂ ಮಾಡಿದರು, ಖಾರವಾದ ಉತ್ತರ ನಾಲಿಗೆಯ ತುದಿಗೆ ಬಂದಾಗ ಮುಗುಳ್ನಕ್ಕರು. ಕೊನೆಗೊಂದು ದಿನ ಆ ಸೋದರಿ, ನನ್ನಲ್ಲಿ ನಿಮ್ಮನ್ನು ಇಷ್ಟು ಸೆಳೆಯುವುದು ಏನು ಎಂದು ಕೇಳಿದರಂತೆ. ಕಪಟಿಯು ತಾನು ಒಳ್ಳೆಯವನೆನಿಸಿಕೊಳ್ಳಲು ನಗುತ್ತಾನೆ, ತೆರೇಸಾ ಆ ಸೋದರಿಯ ಹಿತಕ್ಕಾಗಿ ನಕ್ಕರು. ಗೆತ್ಸೆಮನೆಯಲ್ಲಿ ಸ್ವತಃ ಕರ್ತರು, ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಎಂಬ ಬಯಕೆಯನ್ನು ಮುಚ್ಚಿಡದೆ ತಂದೆಗೆ ಹೇಳಿ, ಆದರೂ ನಿನ್ನ ಚಿತ್ತದಂತೆಯೇ ಆಗಲಿ ಎಂದು ಒಪ್ಪಿಕೊಟ್ಟರು. ಆದ್ದರಿಂದ ನಿಮ್ಮ ಸಿಟ್ಟನ್ನು ದೇವರ ಮುಂದೆ ಇದ್ದಂತೆಯೇ ಹೇಳಿಕೊಳ್ಳಿ. ಕೀರ್ತನೆಗಳು ಅದಕ್ಕೆ ಬೇಕಾದ ಮಾತುಗಳನ್ನು ಕೊಡುತ್ತವೆ. ಒಂದು ಕೆಲಸವನ್ನಾದರೂ ಯಾರಿಗೂ ತಿಳಿಯದಂತೆ ಮಾಡಿ, ಏಕೆಂದರೆ ಹೊಗಳುವವರಿಲ್ಲದ ಕಡೆ ಕಪಟಕ್ಕೆ ಎಡೆಯಿರುವುದಿಲ್ಲ.

ಮಾತಾಡಬೇಕಾದಾಗ ಮಾತಾಡಿ. ಸಹೋದರನು ತಪ್ಪುಮಾಡಿದರೆ ನೀವಿಬ್ಬರೇ ಇರುವಾಗ ಅವನಿಗೆ ತಿಳಿಸು ಎಂಬುದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಕ್ರಮ. ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡಿ ಊರಿಗೆಲ್ಲ ಮೊದಲು ಹೇಳುತ್ತೇವೆ. ತಪ್ಪು ನಮ್ಮದಾಗಿದ್ದರೆ, ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ಒಂದಾಗು ಎಂಬ ಮಾತು ಅದೇ ಸುವಾರ್ತೆಯ 5ನೆಯ ಅಧ್ಯಾಯದಲ್ಲಿದೆ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯು ತನ್ನ ಪ್ರಭುಭೋಜನದ ಆರಾಧನಾಕ್ರಮದಲ್ಲಿ, ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಗೆ ಜಾಗ ಕೊಟ್ಟಿತು. ಕರ್ನಾಟಕದ ಅನೇಕ ಸಭೆಗಳಲ್ಲಿ ಆ ಕ್ಷಣ ಪಕ್ಕದವರ ಕಡೆ ತಿರುಗಿ ಬೇಗನೆ ಮುಗಿಸುವ ವಾಡಿಕೆಯಾಗಿಬಿಟ್ಟಿರುವುದು ನನಗೆ ನೋವಿನ ಸಂಗತಿ. ಮುಂದಿನ ಪ್ರಭುಭೋಜನದ ದಿನ ನಾಲ್ಕು ಸಾಲು ದಾಟಿ ನೀವು ಆರಿಸಿಕೊಂಡವರ ಬಳಿಗೇ ಹೋಗಿ.

ಇಷ್ಟನ್ನು ಹೇಳುವಾಗ ಒಂದು ಎಚ್ಚರಿಕೆಯನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಹೊಡೆತ ತಿನ್ನುತ್ತಾ ಸುಮ್ಮನಿರುವುದನ್ನು ಕ್ರೈಸ್ತ ಪ್ರೀತಿ ಕೇಳುವುದಿಲ್ಲ, ಮತ್ತು ಹಾಗೆಂದು ಬೋಧಿಸುವವರು ಹೊಡೆಯುವವನ ಆತ್ಮಕ್ಕೂ ಹಾನಿ ಮಾಡುತ್ತಾರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ವಾಹನದೊಳಗೆ ಸುಟ್ಟು ಕೊಂದಾಗ, ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಬಹಿರಂಗವಾಗಿ ಹೇಳಿದರು ಮತ್ತು ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. ಆ ಕ್ಷಮೆ ನ್ಯಾಯಾಲಯದ ಬಾಗಿಲು ಮುಚ್ಚಲಿಲ್ಲ. ವಿಚಾರಣೆ ನಡೆಯಿತು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಹಿಂಸೆಯಿದ್ದರೆ ಸುರಕ್ಷಿತವಾದ ಜಾಗಕ್ಕೆ ಹೋಗಿ, 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. ಅನ್ಯಾಯವನ್ನು ತಡೆಯುವುದರಲ್ಲಿ ಅನ್ಯಾಯ ಮಾಡುವವನ ಹಿತವೂ ಸೇರಿದೆ.

ಇಷ್ಟೆಲ್ಲ ಮಾಡಿದರೂ ಎದುರಿನವರು ಬದಲಾಗದಿರಬಹುದು. ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ, ಎಲ್ಲರೊಂದಿಗೆ ಸಮಾಧಾನದಿಂದಿರಿ ಎಂದು ಪೌಲನು ಬರೆದಾಗ, ಕೆಲವೊಮ್ಮೆ ಅದು ಸಾಧ್ಯವಾಗದು ಎಂಬುದನ್ನು ಅವನು ಬಲ್ಲವನಾಗಿದ್ದ. ನಿಮ್ಮ ಬಲ ಬತ್ತಿದಂತೆನಿಸಿದಾಗ ಸಂಕಲ್ಪವನ್ನು ಇನ್ನಷ್ಟು ಬಿಗಿಮಾಡುವುದರಿಂದ ಪ್ರಯೋಜನವಿಲ್ಲ. ದೇವರು ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ ಎಂಬ ವಾಕ್ಯದ ಬಳಿ ಕುಳಿತು, ನಿಮ್ಮನ್ನು ದೇವರು ತಾಳಿಕೊಂಡ ಸಂದರ್ಭಗಳನ್ನು ಒಂದೊಂದಾಗಿ ನೆನೆಯಿರಿ, ಕೃಪೆಗಾಗಿ ಬೇಡಿ. ಮರುದಿನ ಅದೇ ಚಿಕ್ಕ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳಿ. ಆ ಒಬ್ಬರ ವಿಷಯದಲ್ಲಿ ಅದು ರೂಢಿಗೆ ಬಂದ ಮೇಲೆ, ಬರೆದಿಟ್ಟ ಆ ಹಾಳೆಗೆ ಎರಡನೆಯ ಹೆಸರನ್ನು ಸೇರಿಸಿಕೊಳ್ಳಬಹುದು.