ಕರಾವಳಿಯ ಮಳೆಗೆ ಡೊಳ್ಳು ಮೆತ್ತಗಾಗುತ್ತದೆ

ಜುಲೈ ತಿಂಗಳ ಒಂದು ಶನಿವಾರ ನಮ್ಮ ಹತ್ತು ಡೊಳ್ಳುಗಳನ್ನು ಮೊದಲ ಬಾರಿ ಬಾರಿಸಿದಾಗ ಹೊರಟದ್ದು ಒದ್ದೆ ಗೋಣಿಚೀಲಕ್ಕೆ ಬಡಿದಂಥ ಸದ್ದು. ಹಾವೇರಿ ಕಡೆಯಿಂದ ಬಂದಿದ್ದ ಗುರುಗಳು ಒಂದು ಡೊಳ್ಳಿನ ಚರ್ಮಕ್ಕೆ ಅಂಗೈ ಒತ್ತಿ ನೋಡಿದರು, ಕಿಟಕಿಯಾಚೆ ಸುರಿಯುತ್ತಿದ್ದ ಮಳೆಯನ್ನು ನೋಡಿದರು, ಆಮೇಲೆ ನಮ್ಮನ್ನು ನೋಡಿದರು.

"ನಿಮ್ಮ ಊರಿಗೆ ಬಿಸಿಲು ಯಾವಾಗ ಬರುತ್ತದೆ?"

"ಅಕ್ಟೋಬರಿನಲ್ಲಿ, ಗುರುಗಳೇ" ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕರು. ಎರಡು ವಾರ ಕಳೆದ ಮೇಲೆ ನಗಲಿಲ್ಲ.

ಕಾಸರಗೋಡಿನ ಒಂದು ಕಾಲೇಜಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಗ ಒಂದು ವರ್ಷ ನಾನು ಡೊಳ್ಳು ಹೊತ್ತೆ. ಡೊಳ್ಳೇ ಯಾಕೆ ಎಂಬುದಕ್ಕೆ ಹೇಳಿಕೊಳ್ಳುವಂಥ ಕಾರಣವಿಲ್ಲ. ಕುಣಿತದ ತಂಡಗಳನ್ನು ಕಟ್ಟುವ ಜೂನ್ ತಿಂಗಳ ಸಭೆಯಲ್ಲಿ ಕೇರಳದ ಕುಣಿತಗಳಾದ ತಿರುವಾದಿರಕ್ಕೆ ಒಂದು ತಂಡ, ಒಪ್ಪನಕ್ಕೆ ಒಂದು ತಂಡ ಎಂದು ತೀರ್ಮಾನವಾಗುತ್ತಿದ್ದಾಗ ಯಾರೋ ಉಪನ್ಯಾಸಕರು ನಮ್ಮ ಬೆಂಚಿನ ಕಡೆ ತಿರುಗಿ, "ಕನ್ನಡದವರು ಕನ್ನಡದ್ದೇ ಏನಾದರೂ ಮಾಡಿ" ಎಂದರು. ನನ್ನ ಬಾಯಿಂದ ಡೊಳ್ಳು ಎಂದು ಬಂತು. ಮೈಸೂರು ದಸರಾದ ಮೆರವಣಿಗೆಯನ್ನು ಟಿ.ವಿ.ಯಲ್ಲಿ ನೋಡಿದ್ದು ಬಿಟ್ಟರೆ ಡೊಳ್ಳಿನ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ. ನಮ್ಮ ಮನೆಯ ಅಟ್ಟದಲ್ಲಿ ಇದ್ದದ್ದು ಮದ್ದಳೆ. ಅಪ್ಪ ತಾಳಮದ್ದಳೆ ಕೂಟಗಳಲ್ಲಿ ಬಾರಿಸುವವರು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಬಸ್ಸಿನ ದಾರಿ. ಭೂತಕೋಲ, ಯಕ್ಷಗಾನದ ಆಟ, ಮಳೆಗಾಲದಲ್ಲಿ ಮನೆಮನೆಗೆ ಬರುವ ಆಟಿ ಕಳೆಂಜ ನೋಡಿ ಬೆಳೆದವಳಿಗೆ ಘಟ್ಟದ ಮೇಲಿನ ಡೊಳ್ಳು ಎಷ್ಟು ಹೊಸದೋ, ತಂಡದ ಮಲಯಾಳಿ ಹುಡುಗಿಯರಿಗೂ ಅಷ್ಟೇ ಹೊಸದು. ಕಾಲೇಜಿನಲ್ಲಿ ಮಾತ್ರ ನಾನು ಹುಟ್ಟುವಾಗಲೇ ಕೋಲು ಹಿಡಿದು ಬಂದವಳು ಎಂಬಂತೆ ಎಲ್ಲರೂ ನನ್ನನ್ನು ನಾಯಕಿ ಮಾಡಿದರು.

ಹತ್ತು ಮಂದಿಯೇ ಆಗಬೇಕಾದದ್ದು ನಿಯಮದಿಂದ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಯುವಜನೋತ್ಸವಗಳಲ್ಲಿ ಜಾನಪದ ನೃತ್ಯಕ್ಕೆ ಹತ್ತು ಕುಣಿಯುವವರು, ಐದು ಹಿಮ್ಮೇಳದವರು, ಹತ್ತು ನಿಮಿಷ. ನಮ್ಮ ಅಂತರ್‌ಕಾಲೇಜು ಸ್ಪರ್ಧೆಯವರೂ ಅದನ್ನೇ ಹಿಡಿದಿದ್ದರು. ಹತ್ತರಲ್ಲಿ ಮನೆಮಾತು ಕನ್ನಡ ಇದ್ದವರು ಮೂವರು, ತುಳು ಮೂವರು, ಮಲಯಾಳ ಮೂವರು, ಬ್ಯಾರಿ ಒಬ್ಬಳು. ಕಾಸರಗೋಡು ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣಗಳಲ್ಲಿ ಹೇಳುವುದುಂಟು. ನಮ್ಮ ಪಾಲಿಗೆ ನಾಲ್ಕು ಬಂದವು, ಸಾಕಾಯಿತು.

ಗುರುಗಳು ಮೊದಲ ಮೂರು ವಾರ ಡೊಳ್ಳು ಮುಟ್ಟಲು ಬಿಡಲಿಲ್ಲ. ಕುಳಿತು ತೊಡೆಗೆ ತಟ್ಟಬೇಕು, ಬಾಯಲ್ಲಿ ಎಣಿಸಬೇಕು, ಎದ್ದು ಎಣಿಕೆ ತಪ್ಪದ ಹಾಗೆ ನೆಗೆಯಬೇಕು. ಮಳೆ ಬಿಟ್ಟಾಗ ಕಾಲೇಜಿನ ಹಿಂದಿನ ಪದವಿಗೆ, ಅಂದರೆ ಕೆಂಪು ಮುರಕಲ್ಲಿನ ಬಯಲು ಗುಡ್ಡಕ್ಕೆ, ಕರೆದೊಯ್ಯುತ್ತಿದ್ದರು. ಮುರಕಲ್ಲಿನ ನೆಲದ ಮೇಲೆ ಬರಿಗಾಲಿನಲ್ಲಿ ನೆಗೆದು ನೋಡಿದವರಿಗೆ ಅಂಗಾಲು ಎಂದರೆ ಏನೆಂದು ತಿಳಿಯುತ್ತದೆ. ಇಡೀ ಪಾದ ಊರಿ ಇಳಿದರೆ ಕಲ್ಲು ಚುಚ್ಚುತ್ತದೆ, ಬೆರಳ ಬುಡದಲ್ಲಿ ಇಳಿದರೆ ಚುಚ್ಚುವುದಿಲ್ಲ. ಡೊಳ್ಳು ಹೊತ್ತಾಗಲೂ ಹಾಗೆಯೇ ಇಳಿಯಬೇಕು, ಇಲ್ಲದಿದ್ದರೆ ಅದರ ಭಾರವೆಲ್ಲ ಸೊಂಟಕ್ಕೆ ಬಡಿಯುತ್ತದೆ. ಇದನ್ನು ಗುರುಗಳು ಬಾಯಿ ಬಿಟ್ಟು ಹೇಳಲೇ ಇಲ್ಲ. ಹೇಳಿದ್ದರೂ ನನಗೆ ಅರ್ಥವಾಗುತ್ತಿತ್ತೋ ಇಲ್ಲವೋ. ಅವರ ಮಾತು ನನಗೆ ಅರ್ಧ ಹಿಡಿಯುತ್ತಿತ್ತು, ನಾನು "ಎಂತ ಗುರುಗಳೇ?" ಎಂದಾಗಲೆಲ್ಲ ಅವರಿಗೆ ನಗು. ಇಬ್ಬರದೂ ಕನ್ನಡವೇ. ಅವರ ಕೈ ನೋಡಿಯೇ ಎಲ್ಲವನ್ನೂ ಮೊದಲು ಹಿಡಿದವಳು ಪಯ್ಯನ್ನೂರು ಕಡೆಯ ಒಬ್ಬ ಹುಡುಗಿ. ಚಿಕ್ಕಂದಿನಲ್ಲಿ ಚೆಂಡೆ ಕಲಿತವಳು. ಕನ್ನಡದಲ್ಲಿ ಅವಳಿಗೆ ಬರುತ್ತಿದ್ದದ್ದು "ಊಟ ಆಯಿತಾ" ಒಂದೇ.

ಡೊಳ್ಳು ಕಟ್ಟಿಕೊಳ್ಳುವುದು ಒಂದು ವಿದ್ಯೆ. ನಮ್ಮದನ್ನು ರೇಷನ್ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದ್ದೆವು: ಒಂಬತ್ತು ಕಿಲೋ ಚಿಲ್ಲರೆ. ಹೆಗಲಿನ ಹಗ್ಗವೊಂದನ್ನೇ ನಂಬಿದರೆ ಪ್ರತಿ ನೆಗೆತಕ್ಕೂ ಡೊಳ್ಳು ತಾನೊಂದು ನೆಗೆತ ಹಾಕುತ್ತದೆ, ನೀವು ಇಳಿಯುವಾಗ ಅದು ಏರುತ್ತಿರುತ್ತದೆ. ಹಳೆಯ ಹತ್ತಿ ಸೀರೆಯನ್ನು ಉದ್ದಕ್ಕೆ ಸೀಳಿ, ಡೊಳ್ಳನ್ನೂ ಸೊಂಟವನ್ನೂ ಸೇರಿಸಿ ಎರಡು ಸುತ್ತು ಬಿಗಿದರೆ ಅದು ಮೈಯ ಭಾಗವಾಗುತ್ತದೆ. ಹೆಗಲಿಗೆ ಹಗ್ಗದ ಕೆಳಗೆ ಕಂಬಳಿಯ ತುಂಡು. ಪೂರ್ತಿ ಕರಿ ಕಂಬಳಿ ಹೊದ್ದು ಕುಣಿಯಬೇಕೆಂದು ಗುರುಗಳ ಆಸೆಯಿತ್ತು. ನಮ್ಮ ಸೆಕೆಗೆ ಅದು ಆಗದ ಮಾತು. ಒಂದೇ ದಿನಕ್ಕೆ ಇಬ್ಬರ ಕುತ್ತಿಗೆಯಲ್ಲಿ ಬೆವರುಸಾಲೆ ಎದ್ದು, ಕಂಬಳಿ ಹೆಗಲಿಗಷ್ಟೇ ಇಳಿಯಿತು.

ಇನ್ನು ಮಳೆ. ಡೊಳ್ಳಿನ ಎರಡು ಬದಿಯ ಚರ್ಮವನ್ನು ಹಗ್ಗದಿಂದ ಅಡ್ಡಾದಿಡ್ಡಿ ಎಳೆದು ಬಿಗಿದಿರುತ್ತಾರೆ. ಗಾಳಿಯ ತೇವ ಕುಡಿದರೆ ಚರ್ಮ ಸಡಿಲುತ್ತದೆ, ಕೋಲು ಬಿದ್ದ ಕಡೆ ಸದ್ದು ಅಲ್ಲೇ ಸಾಯುತ್ತದೆ. ಹಗ್ಗವನ್ನು ಕಾಲಿನಲ್ಲಿ ಒದ್ದು ಎಳೆದು ಬಿಗಿದರೆ ಅರ್ಧ ಗಂಟೆ ನಿಲ್ಲುತ್ತಿತ್ತು. ಕಾಗದ ಉರಿಸಿ ಕಾಯಿಸಿದೆವು, ಇಸ್ತ್ರಿಪೆಟ್ಟಿಗೆಯನ್ನು ಹತ್ತಿರ ಹಿಡಿದೆವು, ಹೆಣ್ಣುಮಕ್ಕಳ ವಿಶ್ರಾಂತಿ ಕೋಣೆಯಲ್ಲಿ ರಾತ್ರಿಯಿಡೀ ಬಲ್ಬು ಉರಿಸಿ ಕಾವಲುಗಾರರಿಂದ ಬೈಗುಳ ತಿಂದೆವು. ಕೊನೆಗೆ ದಾರಿ ಹೊಳೆದದ್ದು ನಮ್ಮ ಮನೆಯಲ್ಲೇ. ಅಂಗಳದಲ್ಲಿ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಮಾಡು ಹಾಕಿದ ಗೂಡು ಇದೆಯಲ್ಲ, ಮೋಡದ ದಿನವೂ ಅದರೊಳಗೆ ಹೊಕ್ಕರೆ ಬೆವರು ಕಿತ್ತುಬರುತ್ತದೆ. ಶುಕ್ರವಾರ ಸಂಜೆ ಪಿಕ್‌ಅಪ್ ವ್ಯಾನಿನಲ್ಲಿ ಡೊಳ್ಳುಗಳು ನಮ್ಮ ಮನೆಗೆ, ಭಾನುವಾರ ಪೂರ್ತಿ ಗೂಡಿನೊಳಗೆ, ಸೋಮವಾರ ಕಾಲೇಜಿಗೆ. ಸೋಮವಾರದ ಸದ್ದು ಕೇಳಿ ಗುರುಗಳು ಮೊದಲ ಸಲ "ಈಗ ಡೊಳ್ಳಾಯಿತು" ಎಂದರು. ಆ ಖುಷಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಸೆಪ್ಟೆಂಬರಿನ ಒಂದು ಚುರುಕು ಬಿಸಿಲಿನ ದಿನ ಹಗ್ಗ ಸಡಿಲಿಸದೆ ಗೂಡಿನಲ್ಲಿಟ್ಟು ಮದುವೆಯೂಟಕ್ಕೆ ಹೋದೆ. ತಿರುಗಿ ಬಂದಾಗ ಒಂದು ಡೊಳ್ಳಿನ ಚರ್ಮ ಅಂಚಿನಿಂದ ಅಂಚಿಗೆ ಸೀಳಿತ್ತು. ಬಿಗಿದ ಚರ್ಮವನ್ನು ಬಿಸಿಗೆ ಇಡಬಾರದು, ಹಗ್ಗ ಸಡಿಲಿಸಿ ಒಣಗಿಸಿ ಆಮೇಲೆ ಬಿಗಿಯಬೇಕು. ಈ ಪಾಠಕ್ಕೆ ಹೊಸ ಚರ್ಮದ ದುಡ್ಡನ್ನು ನಾನೇ ತೆತ್ತೆ. ಅಪ್ಪ ಮದ್ದಳೆಯ ವಿಷಯದಲ್ಲಿ ಇದನ್ನು ನೂರು ಸಲ ಹೇಳಿದ್ದರಂತೆ. ನನಗೆ ಒಂದು ಸಲವೂ ನೆನಪಿಲ್ಲ.

ಕೂಗುಗಳು, ನಡುವೆ ಬರುವ, ಕುರುಬರ ದೇವರು ಬೀರಪ್ಪನ ಹಾಡಿನ ಸಾಲುಗಳು ಮಲಯಾಳಿ ಹುಡುಗಿಯರ ನೋಟ್‌ಪುಸ್ತಕದಲ್ಲಿ ಮಲಯಾಳ ಲಿಪಿಯಲ್ಲಿ ಇರುತ್ತಿದ್ದವು. ಬರೆದದ್ದು ಸರಿಯಾಗಿಯೇ ಇತ್ತು, ಬಾಯಿಗೆ ಬರುವಾಗ ಗಂಗೆ 'ಗೆಂಗೆ' ಆಗುತ್ತಿದ್ದಳು, ಗಣಪತಿ 'ಗೆಣಪತಿ' ಆಗುತ್ತಿದ್ದ. ತಿದ್ದಲು ಹೋಗಿ ಸೋತೆ. ಹತ್ತು ಡೊಳ್ಳಿನ ನಡುವೆ ಯಾವ ಗಂಗೆ ಯಾರಿಗೆ ಕೇಳುತ್ತಾಳೆ ಎಂದು ಬ್ಯಾರಿ ಹುಡುಗಿ ಸಮಾಧಾನ ಹೇಳಿದಳು. ಅದು ನಿಜ.

ಮೊದಲ ಪ್ರದರ್ಶನ ಓಣಂ ರಜೆಯ ಮುಂಚಿನ ದಿನ ಕಾಲೇಜಿನ ಅಂಗಳದಲ್ಲಿ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಎಣಿಕೆ ಎರಡು ಕಡೆ ತಪ್ಪಿತು, ಚಪ್ಪಾಳೆ ತಪ್ಪಲಿಲ್ಲ. ನೆನಪಿರುವುದು ನವೆಂಬರ್ 1. ನಮ್ಮಲ್ಲಿ ಆ ದಿನಕ್ಕೆ ಎರಡು ಹೆಸರು. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ್ದು ಅದೇ ದಿನ, ಆದ್ದರಿಂದ ಬೆಳಿಗ್ಗೆ ಜರಿಯಂಚಿನ ಕಸವು ಸೀರೆಯ ಕೇರಳ ಪಿರವಿ, ಅಂದರೆ ಕೇರಳದ ಹುಟ್ಟುಹಬ್ಬ. ಮಧ್ಯಾಹ್ನದ ಮೇಲೆ ಕನ್ನಡ ವಿಭಾಗದಲ್ಲಿ ರಾಜ್ಯೋತ್ಸವ. ಅಲ್ಲಿ ಯಾರಾದರೊಬ್ಬರು ಚಂದ್ರಗಿರಿಯ ಉತ್ತರದ ಊರುಗಳು ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿಯ ಮಾತು ಎತ್ತದೆ ಸಭೆ ಮುಗಿಯುವುದಿಲ್ಲ. ಡೊಳ್ಳು ಎರಡೂ ಕಡೆ ಬೇಕೆಂದರು. ಬೆಳಿಗ್ಗೆ ಕುಣಿದೆವು, ಬಿರಿಯಾಣಿ ತಿಂದೆವು, ಸಂಜೆ ಕುಣಿದೆವು. ಬೆಳಗಿನ ನಿರೂಪಕರು ನಮ್ಮನ್ನು "ಕೇರಳದ ವೈವಿಧ್ಯ" ಎಂದರು, ಸಂಜೆಯವರು "ಗಡಿನಾಡಿನ ಕನ್ನಡದ ಕೆಚ್ಚು" ಎಂದರು. ಪಯ್ಯನ್ನೂರಿನವಳು ನನ್ನ ಕಿವಿಯಲ್ಲಿ, "ಚೇಚಿ, ನಾವು ಈಗ ಯಾರು?" ಎಂದಳು. ಆರನೆಯ ಹೆಜ್ಜೆಯಲ್ಲಿ ಎಡಕ್ಕೆ ತಿರುಗುವವರು ಎಂದೆ, ಬೆಳಿಗ್ಗೆ ಅವಳು ಬಲಕ್ಕೆ ತಿರುಗಿ ನನಗೆ ಡಿಕ್ಕಿ ಹೊಡೆದಿದ್ದಳು.

ಸ್ಪರ್ಧೆ ಬಂದದ್ದು ಜನವರಿಯಲ್ಲಿ. ಅಲ್ಲಿಗೆ ವ್ಯಾನಿಗೆ ದುಡ್ಡು ಸಿಗದೆ ಖಾಸಗಿ ಬಸ್ಸಿನಲ್ಲಿ ಹೋದೆವು. ಕಂಡಕ್ಟರ್ ಡೊಳ್ಳುಗಳನ್ನು ಎಣಿಸಿ ಐದು ಫುಲ್ ಟಿಕೆಟ್ ಹರಿದರು, ಡೊಳ್ಳಿಗೆ ಅರ್ಧ ಎಂಬ ಲೆಕ್ಕದಲ್ಲಿ. ನೃತ್ಯದ ಕಥೆಯನ್ನು ಬರೆದು ಕೊಡಬೇಕಿತ್ತು. ಡೊಳ್ಳಾಸುರನೆಂಬ ರಾಕ್ಷಸ ಶಿವನನ್ನೇ ನುಂಗಿದ್ದು, ಶಿವ ಅವನ ಹೊಟ್ಟೆಯೊಳಗೆ ಬೆಳೆದು ಸೀಳಿಕೊಂಡು ಬಂದದ್ದು, ಅವನ ಚರ್ಮದಿಂದಲೇ ಡೊಳ್ಳು ಮಾಡಿ ಹಾಲುಮತದ, ಅಂದರೆ ಕುರುಬ ಸಮುದಾಯದ, ಭಕ್ತರ ಕೈಗೆ ಕೊಟ್ಟದ್ದು — ಇಷ್ಟನ್ನು ಕಾಲು ಪುಟದಲ್ಲಿ ಬರೆದೆ. ವೇದಿಕೆ ಹಲಗೆಯದು. ಹಲಗೆ ಪುಟಿಯುತ್ತದೆ ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮುರಕಲ್ಲಿನ ಮೇಲೆ ಕಲಿತ ಕಾಲಿಗೆ ಅದು ಬೇಗ ಎತ್ತಿ ಕೊಡುತ್ತಿತ್ತು, ಲಯ ಓಡತೊಡಗಿತು. ಏಳನೆಯ ನಿಮಿಷದಲ್ಲಿ ಹಿಂದಿನ ಸಾಲಿನವಳ ಸೊಂಟದ ಬಟ್ಟೆ ಬಿಚ್ಚಿತು. ಅವಳು ಡೊಳ್ಳನ್ನು ಕೆಳಗಿಟ್ಟು, ಮಂಡಿಯೂರಿ, ಉಳಿದ ಮೂರು ನಿಮಿಷ ಕುಳಿತೇ ಬಾರಿಸಿದಳು. ನೋಡಿದವರು ಅದು ಕುಣಿತದ ಭಾಗವೆಂದೇ ತಿಳಿದರು.

ಎರಡನೆಯ ಬಹುಮಾನ ಬಂತು. ಇಳಿದ ಮೇಲೆ ತೀರ್ಪುಗಾರರಲ್ಲಿ ಒಬ್ಬರು ಕರೆದು, ಚೀಟಿ ನೋಡುತ್ತಾ, "ಹಾಲುಮತದವರು ಎಂದು ಬರೆದಿದ್ದೀರಿ. ನಿಮ್ಮಲ್ಲಿ ಯಾರಾದರೂ ಇದ್ದೀರಾ?" ಎಂದು ಕೇಳಿದರು. ಇಲ್ಲ ಎಂದೆ. ಅವರು ಮತ್ತೇನೂ ಹೇಳಲಿಲ್ಲ, ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು.

ಆ ಪ್ರಶ್ನೆಯನ್ನು ನಾನು ಮರೆತೇಬಿಡುತ್ತಿದ್ದೆ, ಮನೆಯಲ್ಲಿ ಅಜ್ಜಿ ಬಿಡಲಿಲ್ಲ. ಬೇಸಗೆಯಲ್ಲಿ ಜಾತ್ರೆಗಳಿಗೆ, ಸಂಘಗಳ ವಾರ್ಷಿಕೋತ್ಸವಗಳಿಗೆ ಕರೆ ಬರತೊಡಗಿತ್ತು, ಚರ್ಮ ಈಗ ಬಿಸಿಲಿಗೆ ಅತಿಯಾಗಿ ಬಿಗಿಯಾಗಿ ರಾತ್ರಿ ರಾತ್ರಿ ಹಗ್ಗ ಸಡಿಲಿಸುವ ಕೆಲಸ. ನಾನು ಅಂಗಳದಲ್ಲಿ ಹಗ್ಗ ಬಿಚ್ಚುತ್ತಾ ಕುಳಿತಿದ್ದಾಗ ಅಜ್ಜಿ, "ಸುಗ್ಗಿ ಹುಣ್ಣಿಮೆ ಕಳೆಯಿತು. ಈ ಸಲವೂ ಕಂಗೀಲು ಬರಲಿಲ್ಲ" ಎಂದರು. ಎಳೆಯ ತೆಂಗಿನ ಗರಿ ಉಟ್ಟು, ಮನೆಮನೆಗೆ ಬಂದು ಮಾರಿ ಕಳೆಯುವ ಕಂಗೀಲನ್ನು ನಾನು ಕಂಡದ್ದು ತೀರಾ ಚಿಕ್ಕವಳಿದ್ದಾಗ. "ಅದನ್ನು ಯಾಕೆ ನೀವು ಕಾಲೇಜಿನಲ್ಲಿ ಕುಣಿಯುವುದಿಲ್ಲ, ಮಗಾ? ಅದು ನಮ್ಮಲ್ಲಿಯದೇ ಅಲ್ಲವಾ?"

ಯಾಕೆಂದು ನನಗೆ ಗೊತ್ತಿತ್ತು, ಹೇಳಲು ನಾಲಿಗೆ ಬರಲಿಲ್ಲ. ಕಂಗೀಲು ಕುಣಿಯುತ್ತಿದ್ದವರ ಮನೆಗಳು ನಮ್ಮ ತೋಟದ ಆಚೆಗೇ ಇವೆ. ಅವರ ಮೊಮ್ಮಗಳು ಏಳನೆಯ ತರಗತಿಯವರೆಗೆ ನನ್ನ ಬೆಂಚಿನವಳು. ಅವಳ ಎದುರು ನಾನು ತೆಂಗಿನ ಗರಿ ಉಟ್ಟು ಕುಣಿದು ಕಪ್ಪು ಗೆದ್ದು ಬರುವುದು ಹೇಗೆ? ಅವರು ಬೇಡವೆಂದು ಬಿಟ್ಟದ್ದಕ್ಕೆ ಅವರದೇ ಕಾರಣಗಳಿವೆ, ಅವುಗಳಲ್ಲಿ ಕೆಲವಕ್ಕೆ ನಮ್ಮ ಅಂಗಳವೂ ಸಾಕ್ಷಿ. ಬೀರಪ್ಪನ ಒಕ್ಕಲು ಹಾವೇರಿಯಲ್ಲಿದ್ದರು, ದೂರ. ಡೊಳ್ಳನ್ನು 'ನಮ್ಮದು' ಎನ್ನಲು ನನಗೆ ನಾಚಿಕೆಯಾಗದೆ ಇದ್ದದ್ದು ಆ ದೂರದಿಂದಲೇ. ಅಜ್ಜಿಗೆ, "ಅದು ಬೇರೆ, ಅಜ್ಜಿ" ಎಂದಷ್ಟೇ ಹೇಳಿ ಮುಂದಿನ ಹಗ್ಗಕ್ಕೆ ಕೈ ಹಾಕಿದೆ.

ಏಪ್ರಿಲ್ ಮೊದಲ ವಾರ ಡೊಳ್ಳುಗಳು ಹಿಂದಿರುಗಿದವು. ಬಾಡಿಗೆಯ ಮಾಲು. ಗುರುಗಳು ಪ್ರತಿಯೊಂದಕ್ಕೂ ಬೆರಳಲ್ಲಿ ತಟ್ಟಿ ಕೇಳಿದರು, ನಾನು ಸೀಳಿದ್ದ ಡೊಳ್ಳಿಗೆ ಎರಡು ಸಲ ತಟ್ಟಿದರು. ಹಾವೇರಿಗೆ ಬಾ, ಜಾತ್ರೆ ನೋಡು, ಅಲ್ಲಿ ಹಿರಿಯರು ಬಾರಿಸುವುದನ್ನು ಕೇಳು ಎಂದರು. ಬರುತ್ತೇನೆ ಎಂದೆ, ಇನ್ನೂ ಹೋಗಿಲ್ಲ.

ಒಂದು ಕೋಲು ಮಾತ್ರ ನನ್ನ ಚೀಲದ ತಳದಲ್ಲಿ ಉಳಿದುಬಿಟ್ಟಿತ್ತು. ಈಗ ಅದು ಅಜ್ಜಿಯ ಬಳಿ ಇದೆ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕಿ ಜಗಲಿಯಲ್ಲಿ ಕುಳಿತು, ಕಾಗೆ ಇಳಿದಾಗಲೆಲ್ಲ ಅದರಿಂದ ಡಬ್ಬ ಬಡಿಯುತ್ತಾರೆ.